ಅಡುಗೆಮನೆ ಬದಲಾದರೆ ಆತಂಕ ಇಳಿಯುತ್ತದೆಯೇ?

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, 38 ವರ್ಷ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ಐದು ಜನ. ಅತ್ತೆಗೆ 68, ಶುಗರ್ ಮತ್ತು ಬಿಪಿ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಯಜಮಾನರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.1 ಬಂದಿದೆ. 13ರ ಮಗಳು, 8ರ ಮಗ ಇಬ್ಬರಿಗೂ ಬಿಸ್ಕತ್ತು, ನೂಡಲ್ಸ್, ಚಿಪ್ಸ್ ಇಲ್ಲದೆ ದಿನ ಕಳೆಯುವುದಿಲ್ಲ. ನನಗೆ ವರ್ಷದಿಂದ ಎದೆ ಡವಡವ, ಕೈ ನಡುಕ, ಏನೋ ಕೆಟ್ಟದ್ದಾಗುತ್ತದೆ ಎಂಬ ಭಯ. ವೈದ್ಯರು ಆತಂಕದ ಕಾಯಿಲೆ ಎಂದು ಹೇಳಿ ನಾಲ್ಕು ತಿಂಗಳಿಂದ ಮಾತ್ರೆ ಕೊಟ್ಟಿದ್ದಾರೆ. ಸಿರಿಧಾನ್ಯ, ಬೆಲ್ಲ, ಗಾಣದ ಎಣ್ಣೆಗೆ ಬದಲಾದರೆ ಮಾತ್ರೆಯೇ ಬೇಡ ಎಂದು ವಿಡಿಯೊಗಳಲ್ಲಿ ನೋಡಿ, ಹೋದ ತಿಂಗಳು ಒಂದೇ ದಿನದಲ್ಲಿ ಮೈದಾ, ಸಕ್ಕರೆ, ಬಿಳಿ ಅಕ್ಕಿ ಎಲ್ಲ ತೆಗೆದುಹಾಕಿದೆ. ಮಕ್ಕಳು ಊಟ ಬಿಟ್ಟರು, ಅತ್ತೆಗೆ ಹೊಟ್ಟೆ ಉಬ್ಬರ, ಯಜಮಾನರು ಹೊರಗೆ ತಿಂದು ಬರತೊಡಗಿದರು. ನನ್ನ ಭಯ ಇನ್ನೂ ಹೆಚ್ಚಾಯಿತು. ನನ್ನದೇನು ಹೇಳಲಿ, ಐದೂವರೆಗೆ ಎದ್ದು ಕಾಫಿ ಕುಡಿದು ಕೆಲಸ ಶುರು ಮಾಡಿದರೆ ತಿಂಡಿಗೆ ಹನ್ನೊಂದಾಗುತ್ತದೆ, ನಡುವೆ ಇನ್ನೆರಡು ಕಾಫಿ. ಎಲ್ಲಿ ತಪ್ಪಿದೆ? ಮಾತ್ರೆ ಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅಪಾಯ ಇರುವುದು ಅಲ್ಲಿಯೇ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆತಂಕಕ್ಕೆ ಸಾಮಾನ್ಯವಾಗಿ ಬರೆಯುವ ಎಸಿಟಲೋಪ್ರಾಮ್, ಸರ್ಟ್ರಲೀನ್‌ನಂಥ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ತಲೆಸುತ್ತು, ಓಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಬರಬಹುದು; ಹಳೆಯ ಭಯವೂ ಅದರ ಬೆನ್ನಿಗೇ ಮರಳಬಹುದು. ಬಿಡುವ ಕಾಲ ಬಂದಾಗ ವೈದ್ಯರೇ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾ ಬಿಡಿಸುತ್ತಾರೆ. ಊಟ ಸರಿಪಡಿಸಿಕೊಳ್ಳುವುದಕ್ಕೂ ಮಾತ್ರೆ ನುಂಗುವುದಕ್ಕೂ ಜಗಳವಿಲ್ಲ. ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ಬಿಡಬೇಕು ಎಂದು ಹೇಳುವ ವಿಡಿಯೊ ಯಾರದೇ ಆಗಿರಲಿ, ಅದನ್ನು ನೋಡುವುದನ್ನು ಅಲ್ಲಿಗೇ ನಿಲ್ಲಿಸಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಕೊನೆಯಲ್ಲಿ ನೀವು ಹಗುರವಾಗಿ ಬರೆದ ಆ ಒಂದು ಸಾಲು. ಮನೆಯ ನಾಲ್ವರಿಗೆ ಏನಾಯಿತು ಎಂದು ಒಬ್ಬೊಬ್ಬರದನ್ನೂ ಬರೆದಿದ್ದೀರಿ, ನಿಮ್ಮ ಹೊಟ್ಟೆಯ ವಿಷಯಕ್ಕೆ "ನನ್ನದೇನು ಹೇಳಲಿ" ಎಂದಿದ್ದೀರಿ. ಆತಂಕದ ಕಾಯಿಲೆ ಇರುವವರು ಐದೂವರೆಯಿಂದ ಹನ್ನೊಂದರವರೆಗೆ ಬರಿ ಹೊಟ್ಟೆಯಲ್ಲಿ ಮೂರು ಕಾಫಿಯ ಮೇಲೆ ಓಡಾಡಿದರೆ ಎದೆ ಬಡಿದುಕೊಳ್ಳದೆ ಇರುತ್ತದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2024ರ ಮಾರ್ಗಸೂಚಿಯಲ್ಲಿ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ., ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ ಎಂದು ಲೆಕ್ಕ ಕೊಟ್ಟಿದೆ. ದಿನಕ್ಕೆ 300 ಮಿ.ಗ್ರಾಂ. ದಾಟಬಾರದು ಎಂದಿದೆ. ಗಟ್ಟಿ ಡಿಕಾಕ್ಷನ್ ಆದರೆ ನೀವು ತಿಂಡಿಗೆ ಮುಂಚೆಯೇ ಆ ಗಡಿಯ ಹತ್ತಿರ ಹೋಗಿರುತ್ತೀರಿ. ಅದೂ ಆರೋಗ್ಯವಂತರ ಗಡಿ. ಆತಂಕ ಇರುವವರಿಗೆ ಅದಕ್ಕಿಂತ ಕಡಿಮೆ ಕೆಫೀನ್ ಸಾಕು, ಎದೆಬಡಿತ, ನಡುಕ, ಬೆವರು ಶುರುವಾಗಲು. ದೇಹ ಕುಡಿದದ್ದರ ಅರ್ಧದಷ್ಟನ್ನು ಹೊರಹಾಕಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆಯ ಕಾಫಿ ರಾತ್ರಿಯ ನಿದ್ದೆಯನ್ನೂ ಕದಿಯುತ್ತದೆ.

ಆದ್ದರಿಂದ ನಿಮ್ಮ ಮನೆಯ ಆಹಾರ ಬದಲಾವಣೆ ಮಕ್ಕಳ ಬಿಸ್ಕತ್ತಿನಿಂದ ಶುರುವಾಗಬೇಕಿಲ್ಲ, ನಿಮ್ಮ ಬೆಳಗಿನಿಂದ ಶುರುವಾಗಲಿ. ಎದ್ದ ಒಂದು ಗಂಟೆಯೊಳಗೆ ಏನಾದರೂ ತಿನ್ನಿ. ರಾತ್ರಿ ನೆನೆಸಿಟ್ಟ ಒಂದು ಹಿಡಿ ಶೇಂಗಾ ಮತ್ತು ಬಾಳೆಹಣ್ಣು, ಇಲ್ಲವೇ ನಿನ್ನೆಯ ಒಂದು ಜೋಳದ ರೊಟ್ಟಿ, ಮೊಸರು, ಚಟ್ನಿಪುಡಿ. ಒಲೆ ಹಚ್ಚಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಕಾಫಿ ಅದರ ನಂತರ. ಮೂರು ಕಾಫಿಯನ್ನು ಒಮ್ಮೆಲೇ ಬಿಟ್ಟರೆ ತಲೆನೋವು, ಕಿರಿಕಿರಿ ಬರುತ್ತದೆ. ಎರಡು-ಮೂರು ವಾರದಲ್ಲಿ ಒಂದೊಂದಾಗಿ ಇಳಿಸಿ, ಡಿಕಾಕ್ಷನ್ ತೆಳು ಮಾಡುತ್ತಾ ಬನ್ನಿ. ಬೆಳಿಗ್ಗೆ ಒಂದು ಉಳಿಯಲಿ. ಅದು ಮನಸ್ಸಿಗೆ ಬೇಕು, ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಊಟಕ್ಕೆ ಮುಂಚಿನ ಒಂದು ಗಂಟೆ, ನಂತರದ ಒಂದು ಗಂಟೆ ಕಾಫಿ, ಚಹಾ ಎರಡೂ ಬೇಡ. ಅವುಗಳಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ.

ಕಬ್ಬಿಣದ ಮಾತು ಬಂದಿತಲ್ಲ. ನಿಮಗೆ ಆತಂಕ ಎಂದು ಹೇಳುವ ಮುಂಚೆ ರಕ್ತಪರೀಕ್ಷೆ ಮಾಡಿದ್ದರೋ ಇಲ್ಲವೋ ನೀವು ಬರೆದಿಲ್ಲ. ಮಾಡಿಲ್ಲದಿದ್ದರೆ ಹಿಮೊಗ್ಲೋಬಿನ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಥೈರಾಯ್ಡಿನ ಟಿಎಸ್‌ಎಚ್ ಇಷ್ಟನ್ನು ಮಾಡಿಸಲು ವೈದ್ಯರನ್ನು ಕೇಳಿ, ಒಂದು ಇಸಿಜಿಯೂ ಆಗಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ರಕ್ತ ಕಡಿಮೆ ಇದ್ದಾಗ ಹೃದಯ ಜೋರಾಗಿ ಬಡಿಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ನಡುಕ, ಬೆವರು, ಗಾಬರಿ. ಸಸ್ಯಾಹಾರಿಗಳಿಗೆ ಹಾಲು-ಮೊಸರು ಬಿಟ್ಟರೆ ಬಿ12 ಸಿಗುವ ದಾರಿ ಕಡಿಮೆ. ಅದು ತೀರಾ ಇಳಿದರೆ ಕೈಕಾಲು ಜೋಮು, ಮರೆವು, ಮನಸ್ಸಿನ ಕುಗ್ಗು ಬರುತ್ತವೆ. ಎಷ್ಟು ಸಿರಿಧಾನ್ಯ ತಿಂದರೂ ಬಿ12 ಏರುವುದಿಲ್ಲ, ಕೊರತೆ ಇದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು.

ಹಾಗಾದರೆ ಊಟದಿಂದ ಮನಸ್ಸಿಗೆ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಎಷ್ಟಿದೆಯೋ ಅಷ್ಟನ್ನೇ ಹೇಳಬೇಕು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಫೆಲಿಸ್ ಜಾಕಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಬಹಳ ಹೆಸರಾಗಿದೆ. ಖಿನ್ನತೆ ಇದ್ದ 67 ಜನರಲ್ಲಿ ಒಂದು ಗುಂಪಿಗೆ 12 ವಾರ ಆಹಾರ ತಜ್ಞರ ನೆರವಿನಿಂದ ತರಕಾರಿ, ಕಾಳು, ಇಡಿ ಧಾನ್ಯ, ಬೀಜಗಳು, ಮೀನು ಇರುವ ಊಟ ರೂಢಿ ಮಾಡಿಸಿದರು. ಇನ್ನೊಂದು ಗುಂಪಿನೊಂದಿಗೆ ಅಷ್ಟೇ ಹೊತ್ತು ಕುಳಿತು ಮಾತಾಡಿದರು. ಊಟ ಬದಲಿಸಿದವರಲ್ಲಿ ಸುಮಾರು ಶೇ. 32 ಮಂದಿ ಖಿನ್ನತೆಯಿಂದ ಹೊರಬಂದರು, ಮಾತಿನ ಗುಂಪಿನಲ್ಲಿ ಶೇ. 8. ಇದು ಸಣ್ಣ ಪ್ರಯೋಗ, ಯಾವ ಗುಂಪಿನಲ್ಲಿದ್ದೇವೆ ಎಂಬುದು ಅದರಲ್ಲಿದ್ದವರಿಗೆ ಗೊತ್ತಿತ್ತು, ಮೇಲಾಗಿ ಅದು ನೋಡಿದ್ದು ಮುಖ್ಯವಾಗಿ ಖಿನ್ನತೆಯನ್ನು. ಆತಂಕದ ಬಗ್ಗೆ ಇರುವ ಪುರಾವೆ ಅದಕ್ಕಿಂತ ತೆಳು. ಇನ್ನೊಂದು ಮಾತು ಗಮನಿಸಿ: ಅದರಲ್ಲಿದ್ದ ಬಹಳಷ್ಟು ಜನ ತಮ್ಮ ಚಿಕಿತ್ಸೆಯನ್ನು ಮುಂದುವರಿಸಿಕೊಂಡೇ ಊಟ ಬದಲಿಸಿದ್ದರು.

"ಸೆರಟೋನಿನ್ ಶೇ. 90ರಷ್ಟು ಕರುಳಲ್ಲೇ ತಯಾರಾಗುತ್ತದೆ, ಹಾಗಾಗಿ ಹೊಟ್ಟೆ ಸರಿಯಾದರೆ ಮನಸ್ಸು ಸರಿ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮೊದಲ ಅರ್ಧ ನಿಜ. ಆದರೆ ಕರುಳಿನ ಸೆರಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಂಟು ಇರುವುದು ಬೇರೆ ದಾರಿಗಳಲ್ಲಿ. ಕಾಳು, ಸೊಪ್ಪು, ತೌಡಿರುವ ಧಾನ್ಯದ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಅವು ಕರುಳಿನ ಗೋಡೆಯನ್ನು ಕಾಯುತ್ತವೆ, ಉರಿಯೂತ ತಗ್ಗಿಸುತ್ತವೆ. ಕರುಳಿನ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಮುಟ್ಟಿಸುತ್ತದೆ. ನಿಮ್ಮಂಥವರಿಗೆ ಇದಕ್ಕಿಂತ ಬೇಗ ಗೊತ್ತಾಗುವ ಲಾಭ ಇನ್ನೊಂದಿದೆ: ರಕ್ತದ ಸಕ್ಕರೆ ಏರಿಳಿಯದೆ ಒಂದು ಹದದಲ್ಲಿ ನಿಲ್ಲುವುದು. ತುಂಬ ಹಸಿದಾಗ, ಇಲ್ಲವೇ ಸಿಹಿ ತಿಂದು ಸಕ್ಕರೆ ಸರ್ರನೆ ಏರಿ ಇಳಿದಾಗ ಅಡ್ರಿನಲಿನ್ ಸುರಿಯುತ್ತದೆ. ಆಗ ಬರುವ ನಡುಕವನ್ನು ಆತಂಕ ಇರುವವರ ಮನಸ್ಸು "ಏನೋ ಆಗಿಬಿಡುತ್ತದೆ" ಎಂದೇ ಓದಿಕೊಳ್ಳುತ್ತದೆ.

ಈಗ ನೀವು ಮನೆಯಿಂದ ತೆಗೆದದ್ದರ ಬದಲು ತಂದದ್ದೇನು ನೋಡೋಣ. ಬೆಲ್ಲವೂ ಸಕ್ಕರೆಯೇ. ಅದರಲ್ಲಿರುವ ಅಷ್ಟಿಷ್ಟು ಕಬ್ಬಿಣಕ್ಕಾಗಿ ಯಜಮಾನರಿಗೆ, ಅತ್ತೆಗೆ ಬೆಲ್ಲದ ಪಾಯಸ ಕುಡಿಸಿದರೆ ಶುಗರ್ ಏರುವುದು ತಪ್ಪದು. ಗಾಣದ ಎಣ್ಣೆ ಒಳ್ಳೆಯದೇ, ಆದರೆ ಅದರಲ್ಲೂ ಗ್ರಾಮಿಗೆ 9 ಕ್ಯಾಲೊರಿ. ಬಹಳ ಮಂದಿ ಎಡವುವುದು ಸಿರಿಧಾನ್ಯದಲ್ಲಿ. ಐಸಿಎಂಆರ್ ಮತ್ತು ಮದ್ರಾಸಿನ ಮಧುಮೇಹ ಸಂಶೋಧಕರು ದೇಶದಾದ್ಯಂತ ನಡೆಸಿದ ಇಂಡಿಯಾಬ್ ಅಧ್ಯಯನದ ಆಹಾರದ ಲೆಕ್ಕ 2025ರಲ್ಲಿ ಪ್ರಕಟವಾಯಿತು. ನಮ್ಮ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಯಿಂದಲೇ ಬರುತ್ತಿದೆ ಎಂದು ಅದು ತೋರಿಸಿತು. ಬಿಳಿ ಅಕ್ಕಿಯ ಜಾಗಕ್ಕೆ ಇಡಿ ಗೋಧಿಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ; ಧಾನ್ಯದ ಒಟ್ಟು ಪಾಲು ತಗ್ಗಿ, ಆ ಜಾಗಕ್ಕೆ ಕಾಳು, ಬೇಳೆ, ಹಾಲು-ಮೊಸರಿನ ಪ್ರೋಟೀನ್ ಬಂದವರಲ್ಲಿ ಅಪಾಯ ಕಡಿಮೆ ಇತ್ತು. ನುಣ್ಣಗೆ ಬೀಸಿದ ರಾಗಿಹಿಟ್ಟನ್ನು ಬೆಲ್ಲ ಹಾಕಿ ತೆಳ್ಳಗೆ ಕಾಯಿಸಿ ಕುಡಿದರೆ ಅದೂ ಬೇಗ ರಕ್ತಕ್ಕೆ ಸೇರುತ್ತದೆ. ಅದೇ ರಾಗಿ ಮುದ್ದೆಯಾಗಿ, ದಂಟಿನ ಸೊಪ್ಪು, ಹೆಸರುಕಾಳಿನ ಬಸ್ಸಾರಿನ ಜೊತೆ ತಟ್ಟೆಗೆ ಬಂದರೆ ಕಥೆಯೇ ಬೇರೆ. ರಾಗಿಯಲ್ಲಿ 100 ಗ್ರಾಮಿಗೆ 350 ಮಿ.ಗ್ರಾಂ. ಆಸುಪಾಸು ಕ್ಯಾಲ್ಸಿಯಂ ಇದೆ, ಬೇರಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ, ನಾನು ರಾಗಿಯ ಪಕ್ಷದವಳೇ. ಆದರೆ ಧಾನ್ಯ ಧಾನ್ಯವೇ, ಔಷಧಿಯಲ್ಲ.

ದಾವಣಗೆರೆ ರೊಟ್ಟಿಗೂ ಮುದ್ದೆಗೂ ನಡುವಿನ ಊರು, ಎರಡೂ ಕಡೆಯ ಅಡುಗೆ ನಿಮ್ಮ ಕೈಯಲ್ಲಿರುತ್ತದೆ. ಇದು ದೊಡ್ಡ ಭಾಗ್ಯ. ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಹಿಟ್ಟಿನ ಪಲ್ಯ, ಮೆಂತೆಸೊಪ್ಪಿನ ಪಚಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಮಸ್ಸೊಪ್ಪು, ಉಪ್ಸಾರು, ಅವರೆಕಾಳಿನ ಸಾರು, ಕೋಸಂಬರಿ, ಮಜ್ಜಿಗೆ. ಕಿನ್ವಾ, ಚಿಯಾ, ಬ್ಲೂಬೆರಿ ಯಾವುದೂ ಬೇಡ. ಚಿಯಾದಲ್ಲಿ ಇದೆ ಎಂದು ಕೊಂಡಾಡುವ ಒಮೆಗಾ-3 ನಿಮ್ಮ ಅಗಸಿ ಚಟ್ನಿಯಲ್ಲೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುವ ತಟ್ಟೆಯಲ್ಲಿ, 2000 ಕ್ಯಾಲೊರಿಗೆ, ದಿನಕ್ಕೆ ಧಾನ್ಯ 250 ಗ್ರಾಂ., ತರಕಾರಿ-ಸೊಪ್ಪು 400 ಗ್ರಾಂ., ಬೇಳೆ-ಕಾಳು 85 ಗ್ರಾಂ., ಹಣ್ಣು 100 ಗ್ರಾಂ., ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ., ಎಣ್ಣೆ 27 ಗ್ರಾಂ., ಹಾಲು-ಮೊಸರು 300 ಮಿ.ಲೀ. ಎಲ್ಲವೂ ಹಸಿ ತೂಕ. ಐದು ಜನರ ಮನೆಗೆ ಇದರ ಲೆಕ್ಕ ಹಾಕಿದರೆ ಬೇಳೆ-ಕಾಳೇ ದಿನಕ್ಕೆ 400 ಗ್ರಾಮಿನ ಹತ್ತಿರ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಸಾರಿಗೆ ಬೀಳುವುದು ಒಂದು ಹಿಡಿ ತೊಗರಿಬೇಳೆ, ತಟ್ಟೆಯ ತುಂಬ ಅನ್ನ. ಬಿಳಿ ಅಕ್ಕಿ ಮನೆಯಲ್ಲಿರಲಿ. ಅನ್ನದ ಎರಡನೇ ಸೌಟಿನ ಜಾಗಕ್ಕೆ ಕಾಳಿನ ಪಲ್ಯದ ಎರಡನೇ ಸೌಟು ಬರಲಿ. ನಿಮಗೆ ನಾನು ಹೇಳುವ ಮುಖ್ಯ ಬದಲಾವಣೆ ಇಷ್ಟೇ, ತೆಗೆಯುವ ಮುಂಚೆ ಸೇರಿಸಿ.

ಸೇರಿಸುವುದೂ ನಿಧಾನವಾಗಿ. ಅತ್ತೆಯವರ ಹೊಟ್ಟೆ ಉಬ್ಬರಕ್ಕೆ ಕಾರಣ ಒಂದೇ ವಾರದಲ್ಲಿ ನಾರು ದಿಢೀರನೆ ಏರಿದ್ದೇ ಇರಬೇಕು. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಇಂಗು-ಜೀರಿಗೆ ಹಾಕಿ ಚೆನ್ನಾಗಿ ಬೇಯಿಸಿ ಮೊದಲು ಎರಡು ಚಮಚ ಬಡಿಸಿ. ನೀರು ಹೆಚ್ಚು ಕುಡಿಯಲಿ. ಅವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರು ಶುಗರಿಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದು ನೀವು ಅನ್ನ ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಲೆ ಗಿರ್ರೆನ್ನುವುದು ಕಂಡರೆ ತಕ್ಷಣ ಸಕ್ಕರೆ ನೀರು ಕುಡಿಸಿ. ಆ ಹೊತ್ತಿನಲ್ಲಿ ಬೇಕಾದದ್ದು ಬಿಳಿ ಸಕ್ಕರೆಯೇ, ಅದಕ್ಕಾದರೂ ಒಂದು ಡಬ್ಬಿ ಮನೆಯಲ್ಲಿರಬೇಕು. ಊಟ ಬದಲಿಸುವ ಮುಂಚೆ ಅವರ ವೈದ್ಯರಿಗೆ ಹೇಳಿ, ಮಾತ್ರೆಯ ಪ್ರಮಾಣ ಅವರು ಸರಿಪಡಿಸುತ್ತಾರೆ. ಬಿಪಿಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದಿನವೂ ಬೇಡ. ಮನೆಯಲ್ಲೇ ಮಾಡಿದ್ದಾದರೂ ಉಪ್ಪು ಉಪ್ಪೇ, ಎಲ್ಲ ಸೇರಿ ದಿನಕ್ಕೆ 5 ಗ್ರಾಂ. ದಾಟಬಾರದು.

ಯಜಮಾನರ 6.1 ಗಾಬರಿಪಡುವ ಸಂಖ್ಯೆಯಲ್ಲ, ಎಚ್ಚರಿಕೆಯ ಸಂಖ್ಯೆ. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ಹೊಸ್ತಿಲಿನಿಂದ ಹಿಂದೆ ಬಂದವರು ಬಹಳ ಜನ ಇದ್ದಾರೆ. ಊಟಕ್ಕೆ ಕೂತಾಗ ಮೊದಲು ಕೋಸಂಬರಿ, ಪಲ್ಯ, ಕಾಳು, ರೊಟ್ಟಿ-ಅನ್ನ ಆಮೇಲೆ. ಈ ಕ್ರಮದಿಂದಲೇ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ. ರಾತ್ರಿ ಊಟ ಎಂಟರ ಸುಮಾರಿಗಾಗಲಿ, ಉಂಡ ಮೇಲೆ ಕಾಲು ಗಂಟೆ ನಡೆಯಲಿ, ನೀವೂ ಜೊತೆಗೆ ಹೋಗಿ. ಆತಂಕಕ್ಕೆ ನಡಿಗೆಯೂ ಒಂದು ಮದ್ದು. ಬೆಣ್ಣೆದೋಸೆಯ ಊರಲ್ಲಿದ್ದು ಬೆಣ್ಣೆದೋಸೆ ಬಿಡಿ ಎಂದು ನಾನು ಹೇಳುವುದಿಲ್ಲ. ಮಂಡಕ್ಕಿ-ಮಿರ್ಚಿಯೂ ಹಾಗೆಯೇ. ಭಾನುವಾರಕ್ಕೊಂದು ಇರಲಿ, ಎಲ್ಲರೂ ಕೂಡಿ ಹೋಗಿ ಸಂತೋಷವಾಗಿ ತಿನ್ನಿ. ಮನೆಯಲ್ಲಿ ರುಚಿಯ ಊಟ ಸಿಗದೆ ಕದ್ದು ತಿನ್ನುವಂತಾಗುವುದಕ್ಕಿಂತ ಅದು ನೂರು ಪಾಲು ಮೇಲು.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ 2009ರಲ್ಲಿ ಆಹಾರವನ್ನು ಅದು ಎಷ್ಟು ಕಾರ್ಖಾನೆ ಕಂಡಿದೆ ಎಂಬುದರ ಮೇಲೆ ವಿಂಗಡಿಸುವ ಕ್ರಮವೊಂದನ್ನು ಮುಂದಿಟ್ಟರು. ಅಕ್ಕಿ, ಕಾಳು, ಹಾಲು ಒಂದು ಕಡೆ. ಬಣ್ಣ, ವಾಸನೆ, ರುಚಿವರ್ಧಕ ಸೇರಿಸಿ ಕಾರ್ಖಾನೆಯಲ್ಲೇ ಹುಟ್ಟಿದ ಚಿಪ್ಸ್, ಕ್ರೀಮ್ ಬಿಸ್ಕತ್ತು, ಕೋಲಾ ಇನ್ನೊಂದು ತುದಿಯಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 2019ರಲ್ಲಿ 20 ಜನರನ್ನು ಒಳಗೇ ಇರಿಸಿಕೊಂಡು ಎರಡೆರಡು ವಾರ ಎರಡೂ ಬಗೆಯ ಊಟ ಕೊಟ್ಟರು, ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆಯ ಊಟವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಕ್ಕೆ ಒಂದು ಕಿಲೊದ ಹತ್ತಿರ ತೂಕ ಏರಿತು. ದೊಡ್ಡವರಿಗೇ ಕೈ ನಿಲ್ಲದಿದ್ದ ಮೇಲೆ ಎಂಟು ವರ್ಷದ ಮಗನನ್ನು ಬೈದು ಏನು ಫಲ? ಡಬ್ಬಿ ಕಣ್ಣೆದುರು ಇದ್ದರೆ ಕೈ ಹೋಗುತ್ತದೆ. ವಾರಕ್ಕೊಂದು ಸಣ್ಣ ಪೊಟ್ಟಣ ತನ್ನಿ, ದೊಡ್ಡ ಪ್ಯಾಕು ಬೇಡ. ಶಾಲೆಯಿಂದ ಬಂದ ಹೊತ್ತಿಗೆ ಹಸಿವು ಜೋರಾಗಿರುತ್ತದೆ. ಬೇಯಿಸಿದ ಶೇಂಗಾ, ಗೋವಿನಜೋಳದ ತೆನೆ, ಬಾಳೆಹಣ್ಣು, ಹಚ್ಚಿದ ಅವಲಕ್ಕಿ, ಎಳ್ಳುಂಡೆ, ಇವುಗಳಲ್ಲಿ ಒಂದು ತಟ್ಟೆಯಲ್ಲಿ ಸಿದ್ಧವಿರಲಿ. ನೂಡಲ್ಸನ್ನು ನಿಷೇಧಿಸಬೇಡಿ, ಅರ್ಧ ಪೊಟ್ಟಣ ಮಸಾಲೆ, ಜೊತೆಗೆ ಗಜ್ಜರಿ, ಬೀನ್ಸ್, ಪನೀರ್ ಹಾಕಿ ನೀವೇ ಮಾಡಿಕೊಡಿ. ಹೊಸ ಪಲ್ಯವನ್ನು ಮಗು ಒಪ್ಪಿಕೊಳ್ಳಲು ಹತ್ತು-ಹದಿನೈದು ಸಲ ತಟ್ಟೆಯಲ್ಲಿ ನೋಡಬೇಕಾಗಬಹುದು. ಏನು ಬಡಿಸಬೇಕು ಎಂಬುದು ನಿಮ್ಮದು, ಎಷ್ಟು ತಿನ್ನಬೇಕು ಎಂಬುದು ಅವರದು.

ಮಗಳಿಗೆ 13. ಅವಳ ಮುಂದೆ "ಇದು ವಿಷ, ಇದು ತಿಂದರೆ ದಪ್ಪಗಾಗುತ್ತೀ" ಎಂಬ ಮಾತು ದಯವಿಟ್ಟು ಬೇಡ. ಈ ವಯಸ್ಸಿನಲ್ಲಿ ಊಟದ ಬಗ್ಗೆ ಹೊಕ್ಕ ಭಯ ಬೇಗ ಹೋಗುವುದಿಲ್ಲ, ಊಟ ಬಿಡುವ ಕಾಯಿಲೆಯಾಗಿ ಬೆಳೆದದ್ದನ್ನೂ ನಾನು ನೋಡಿದ್ದೇನೆ. ಬದಲಿಗೆ ಪೊಟ್ಟಣದ ಹಿಂದಿನ ಅಕ್ಷರ ಓದಲು ಕಲಿಸಿ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯಬೇಕೆಂಬುದು ನಿಯಮ. ಕಂದು ಬಣ್ಣದ ಬ್ರೆಡ್ಡಿನ ಮೇಲೆ ಗೋಧಿತೆನೆಯ ಚಿತ್ರವಿದ್ದು, ಹಿಂದೆ ಮೊದಲ ಹೆಸರು ಮೈದಾ ಎಂದಿದ್ದರೆ, ನಡುವೆ ಕ್ಯಾರಮೆಲ್ ಬಣ್ಣ ಎಂದಿದ್ದರೆ ಅವಳೇ ಹಿಡಿದು ತೋರಿಸುತ್ತಾಳೆ. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಎಂಬ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು. ಅದನ್ನೂ ಅವಳಿಗೆ ಹೇಳಿ.

ಇಷ್ಟೆಲ್ಲ ಬರೆದ ಮೇಲೆ ನನಗೆ ಒಂದು ಚಿಂತೆ. ಇದೆಲ್ಲವನ್ನೂ ನೀವೊಬ್ಬರೇ ಹೊತ್ತುಕೊಳ್ಳುತ್ತೀರಿ. ಕಾಳು ನೆನೆಸುವುದು, ಸೊಪ್ಪು ಬಿಡಿಸುವುದು, ರೊಟ್ಟಿ ಬಡಿಯುವುದು, ಒಬ್ಬೊಬ್ಬರಿಗೂ ಬೇರೆ ಬೇರೆ ಅಡುಗೆ. ಇಡಿ ಆಹಾರಕ್ಕೆ, ಅಂದರೆ ಕಾರ್ಖಾನೆ ಕಾಣದ ಆಹಾರಕ್ಕೆ, ಕೆಲಸ ಹೆಚ್ಚು, ಆ ಕೆಲಸ ಹೆಂಗಸಿನ ಮೇಲೇ ಬೀಳುತ್ತದೆ ಎಂಬುದನ್ನು ಆ ವಿಡಿಯೊಗಳು ಹೇಳುವುದಿಲ್ಲ. ದಣಿದ ದೇಹಕ್ಕೆ, ನಿದ್ದೆಗೆಟ್ಟ ತಲೆಗೆ ಯಾವ ಸೊಪ್ಪೂ ಸಮಾಧಾನ ಕೊಡದು. ಸೊಪ್ಪು ಬಿಡಿಸುವುದು ಅತ್ತೆಯವರು ಟಿವಿ ಮುಂದೆ ಕೂತು ಮಾಡಬಹುದಾದ ಕೆಲಸ. ಭಾನುವಾರ ಸಂತೆ ಯಜಮಾನರದು. ಕಾಳು ನೆನೆಹಾಕುವುದು ಮಗನದು, ಮೊಳಕೆ ಒಡೆಯುವುದನ್ನು ನೋಡಿದ ಮಗು ಅದನ್ನು ತಿನ್ನುವ ಸಂಭವವೂ ಹೆಚ್ಚು. ರೊಟ್ಟಿ ಬಡಿಯಲು ಆಗದ ದಿನ ಖಾನಾವಳಿಯಿಂದ ಕಟಕ ರೊಟ್ಟಿ ತರಿಸಿ, ಅದೂ ಇಡಿ ಆಹಾರವೇ. ಎಲ್ಲರಿಗೂ ಒಂದೇ ಅಡುಗೆ, ಪ್ರಮಾಣ ಮಾತ್ರ ಬೇರೆ.

ಮೊದಲ ತಿಂಗಳಿಗೆ ಮೂರೇ ಕೆಲಸ ಸಾಕು: ನಿಮ್ಮ ಬೆಳಗಿನ ತಿಂಡಿ ಮತ್ತು ಕಾಫಿ, ಮಧ್ಯಾಹ್ನಕ್ಕೆ ದಿನವೂ ಒಂದು ಕಾಳು, ಮಕ್ಕಳಿಗೆ ಸಂಜೆಯ ತಿನಿಸು. ಬಿಳಿ ಅಕ್ಕಿ ಮರಳಿ ತನ್ನಿ. ಎರಡನೇ ತಿಂಗಳಲ್ಲಿ ಅದಕ್ಕೆ ಪಾಲಿಶ್ ಕಡಿಮೆ ಇರುವ ಅಕ್ಕಿಯನ್ನು ಕಾಲು ಭಾಗ ಬೆರೆಸಿ ನೋಡಿ. ಯಜಮಾನರ ಎಚ್‌ಬಿಎ1ಸಿಯನ್ನು ಮೂರು ತಿಂಗಳ ನಂತರ ಮತ್ತೆ ಮಾಡಿಸಿ, ಅದಕ್ಕೆ ಮುಂಚೆ ಮಾಡಿಸಿದರೆ ಬದಲಾವಣೆ ಸರಿಯಾಗಿ ಕಾಣದು. ನಿಮ್ಮ ಎದೆಬಡಿತ ಯಾವ ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನು ತಿಂದಿದ್ದಿರಿ, ಎಷ್ಟು ಕಾಫಿ ಆಗಿತ್ತು, ಎಷ್ಟು ನಿದ್ದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದು ವೈದ್ಯರಿಗೆ ತೋರಿಸಿ. ಭಯ ಬಂದಾಗ ಅದನ್ನು ದಾಟುವುದನ್ನು ಕಲಿಸುವ ಮಾತಿನ ಚಿಕಿತ್ಸೆ ಇದೆ, ಆತಂಕಕ್ಕೆ ಅದರ ಫಲ ಚೆನ್ನಾಗಿ ಸಾಬೀತಾಗಿದೆ. ಮಾತ್ರೆಯ ಜೊತೆಗೆ ಅದೂ ಬೇಕೆಂದು ಕೇಳಿ. ಹೊತ್ತಲ್ಲದ ಹೊತ್ತಿನಲ್ಲಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಎದೆಬಡಿತದ ಜೊತೆಗೆ ಎದೆನೋವು, ತಲೆಸುತ್ತಿ ಬೀಳುವುದು, ಉಸಿರು ಕಟ್ಟುವುದು ಇದ್ದರೆ ಅದನ್ನು ಆತಂಕ ಎಂದುಕೊಂಡು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.